ಎರಡು ಸಲ ಒತ್ತುವ ಚಾಚಾ

ನಮ್ಮ ಚಾಚಾರಷ್ಟು ಕಂಪ್ಯೂಟರಿನ ತಲೆ ಕೆಡಿಸಿದವರು ಜತ್ತ ತಾಲೂಕಿನಲ್ಲೇ ಇನ್ನೊಬ್ಬರಿಲ್ಲ! ಕಂಪ್ಯೂಟರ್ ಹೋಗಲಿ, ಅದರಲ್ಲೇ ಅನ್ನ ಹುಟ್ಟಿಸಿಕೊಂಡ ನನಗೇ ಅವರಲ್ಲಿ ತಪ್ಪಿತ್ತೋ ನನ್ನಲ್ಲಿತ್ತೋ ಇವತ್ತಿಗೂ ತಿಳಿದಿಲ್ಲ.

ಚಾಚಾ ದರ್ಜಿ. ಯಾವ ಬಟ್ಟೆಯಾದರೂ ಎರಡು ಹೊಲಿಗೆ ಹಾಕದೆ ಬಿಡುತ್ತಿರಲಿಲ್ಲ. "ಒಂದ್ ಹೊಲಿಗಿ ಅಂದ್ರ ಬರೇ ಮಾತು, ಬೇಟಾ. ಎರಡನೇದ್ದು ಭರೋಸಾ." ಪೈಜಾಮ ಹರಿಯುತ್ತಿತ್ತು, ಹೊಲಿಗೆ ಬಿಚ್ಚುತ್ತಿರಲಿಲ್ಲ! ಬಟ್ಟೆಗೆ ಮಾತ್ರವಾಗಿದ್ದರೆ ನನಗೇನು? ಬೀಗ ಎರಡು ಸಲ, ಸಲಾಮ್ ಎರಡು ಸಲ. ಮಗಳು ಮಾತ್ರ ಒಬ್ಬಳೇ.

ಆಗ ಊರಿಗೆ ಇಂಟರ್ನೆಟ್ ಹೊಸದು. ದೂರದ ಒಂದು ನರ್ಸಿಂಗ್ ಕಾಲೇಜಿಗೆ ಆನ್‌ಲೈನ್ ಅರ್ಜಿಯ ಪುಟ ಮಾಡಿಕೊಟ್ಟು ನಾನು ಮೀಸೆ ತಿರುವುತ್ತಿದ್ದೆ. ನರ್ಸ್ ಆಗಿಯೇ ತೀರುತ್ತೇನೆಂದು ಹಟ ಹಿಡಿದಿದ್ದ ಚಾಚಾರ ಮಗಳ ಅರ್ಜಿಯನ್ನೂ ಅದರಲ್ಲೇ ತುಂಬಿದೆವು. ಕೊನೆಯ ಬಟನ್ ತಾವೇ ಒತ್ತಬೇಕೆಂದರು ಚಾಚಾ. ಒತ್ತಿದರು. ಎರಡು ಸಲ!

ಮರುದಿನ ಕಾಲೇಜಿನ ಗುಮಾಸ್ತರು ನನಗೆ ಫೋನ್ ಮಾಡಿದರು. "ಜತ್ತದಾಗ ಒಬ್ಬರಿಗೆ ಅವಳಿ ಮಕ್ಕಳದಾರೇನ್ರಿ? ಇಬ್ಬರಿಗೂ ಒಂದ ಹೆಸರು ಯಾಕ ಇಟ್ಟಾರ?"

ಪಕ್ಕದಲ್ಲಿದ್ದ ಚಾಚಾ ಮುಖ ಅರಳಿಸಿದರು. "ಹಂಗಾದ್ರ ಸೀಟೂ ಎರಡು ಕೊಡ್ತಾರೇನು?"

ಕೊಡುವುದೆಲ್ಲಿಂದ! ಎರಡೂ ಅರ್ಜಿ ರದ್ದಾದವು. "ಹೊಸದಾಗಿ ಒಂದ ಹಾಕ್ರಿ. ಮತ್ತ ಎರಡು ಬಂದ್ರ ಸೀಟ ಸಿಗಂಗಿಲ್ಲ" ಎಂದರು ಗುಮಾಸ್ತರು. ಹುಡುಗಿ ಊಟ ಬಿಟ್ಟಳು.

"ಚಾಚಾ, ಒಮ್ಮಿ ಒತ್ತಿದ್ರ ಸಾಕ್ರಿ."

"ಹೂಂ, ಹೂಂ."

ಹೂಂಗುಟ್ಟಿದ್ದೂ ಎರಡು ಸಲ! ಆ ಬೆರಳನ್ನು ತಿದ್ದುವುದಕ್ಕಿಂತ ಪುಟವನ್ನು ತಿದ್ದುವುದೇ ಸುಲಭ ಎನಿಸಿತು. ಒಮ್ಮೆ ಒತ್ತಿದೊಡನೆ ಬಟನ್ ಮಂಕಾಗುವಂತೆ ಮಾಡಿ, ಸುಳ್ಳು ಅರ್ಜಿಯೊಂದನ್ನು ತುಂಬಿ, ಪರೀಕ್ಷೆಗೆ ಅವರನ್ನೇ ಕೂರಿಸಿದೆ. "ಪಾಪ, ಇದಕ್ಕ ಚಕ್ಕರ್ ಬಂತು" ಎಂದು ಚಾಚಾ ಪುಟವನ್ನೇ ರಿಫ್ರೆಶ್ ಮಾಡಿದರು. ಅರ್ಜಿ ಇನ್ನೊಮ್ಮೆ ಹೋಯಿತು, ಮತ್ತೆ ಅವಳಿ! ರಿಫ್ರೆಶ್ ಮಾಡಲು ಅವರಿಗೆ ಕಲಿಸಿದವರಾರು? ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಕೊನೆಗೆ ಪ್ರತಿ ಅರ್ಜಿಗೂ ಒಳಗೊಂದು ಗುರುತು ಕಟ್ಟಿದೆ. ಅದೇ ಗುರುತು ಮತ್ತೆ ಬಂದರೆ ಕಂಪ್ಯೂಟರ್ ಹೊಸದಾಗಿ ಏನನ್ನೂ ಬರೆದುಕೊಳ್ಳದೆ ಮೊದಲಿನ ರಶೀದಿಯನ್ನೇ ತೋರಿಸಬೇಕು. ಈ ಸಲ ನಿಜವಾದ ಅರ್ಜಿ. ಚಾಚಾ ಬಿಸ್ಮಿಲ್ಲಾ ಎಂದು ಒತ್ತಿದರು, ರಶೀದಿ ಬಂತು. ಹಿಂದಕ್ಕೆ ಹೋಗಿ ಇನ್ನೊಮ್ಮೆ ಒತ್ತಿದರು, ಅದೇ ರಶೀದಿ. "ನೋಡು, ಈಗ ಗಟ್ಟಿ ಆತು!" ಎಂದು ನನ್ನ ಬೆನ್ನು ತಟ್ಟಿದರು. ಎರಡು ಸಲ. ಗೆದ್ದವರು ಯಾರು, ನಾನೋ ಅವರೋ?

ಸೀಟು ಸಿಕ್ಕಿತು. ಅಪ್ಪ ಎರಡು ಹೊಲಿಗೆ ಹಾಕಿದ ಚೀಲ ಹಿಡಿದು ಮಗಳು ಬಸ್ಸು ಹತ್ತಿದಳು. ಅಪ್ಪನ ಕಡೆ ತಿರುಗಿ "ಅಬ್ಬಾ, ಬರ್ತೀನಿ" ಎಂದಳು. ಚಾಚಾ ಒಮ್ಮೆ ಕೈ ಬೀಸಿ, ಎರಡೂ ಕೈ ಜೇಬಿಗೆ ತುರುಕಿಕೊಂಡರು.

ನನಗೆ ಗಾಬರಿಯಾಯಿತು. "ಚಾಚಾ, ಇನ್ನೊಮ್ಮಿ ಬೀಸಂಗಿಲ್ಲೇನ್ರಿ?"

"ಬ್ಯಾಡ, ಬೇಟಾ. ಇನ್ನೊಮ್ಮಿ ಕೈ ಎತ್ತಿದ್ರ ಬಸ್ ನಿಂದರಸ್ತೀನಿ."