ಎರಡು ಹಗ್ಗಗಳನ್ನು ಕೊಳಕಾಗಿಯೇ ಇಡಲು ಅನುಮತಿ ಕೋರಿ

ಇಂದ,
ಹೊಹೆಪಾ ಟೌಟಾಹಿ,
ಪಚ್ಚಿಲೆ ಚಿಪ್ಪಿನ ಕೃಷಿಕ (ಇತ್ತೀಚೆಗೆ ಪ್ರಶಸ್ತಿ ವಿಜೇತ),
ಪೆಲೋರಸ್ ಕೊಲ್ಲಿ, ನ್ಯೂಜಿಲೆಂಡ್.

ಗೆ,
ಮುಖ್ಯ ನಿರೀಕ್ಷಕರು,
ಕಡಲಕೃಷಿ ನೈರ್ಮಲ್ಯ ಕಚೇರಿ.

ವಿಷಯ: 'ಅತಿ ಸ್ವಚ್ಛ ಹಗ್ಗ' ಪ್ರಶಸ್ತಿಪತ್ರವನ್ನು ಹಿಂದಿರುಗಿಸುವ ಹಾಗೂ ಎರಡು ಹಗ್ಗಗಳನ್ನು ಕೊಳಕಾಗಿಯೇ ಇಟ್ಟುಕೊಳ್ಳುವ ಬಗ್ಗೆ.

ಉಲ್ಲೇಖ: ತಮ್ಮ ಸ್ವಚ್ಛತಾ ಸುತ್ತೋಲೆ, ಮತ್ತು ತಾವು ಅರ್ಜಿದಾರನ ದೋಣಿಯಲ್ಲಿ ನಿಂತು ತೆಗೆಸಿಕೊಂಡ ಫೋಟೊ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ವಿನಯದಿಂದ, ಅಂದರೆ ಹಲ್ಲು ಕಚ್ಚಿಕೊಂಡು, ವಿನಂತಿಸಿಕೊಳ್ಳುವುದೇನೆಂದರೆ:

೧. ಅರ್ಜಿದಾರನ ಹೆಂಡತಿ ಮೆರೆಯಾನಳಿಗೆ ಅಂಡಾಶಯದ ಕ್ಯಾನ್ಸರ್. ಯೂ ಎಂಬ ಮರದ ತೊಗಟೆಯಿಂದ ಬಂದ ಕ್ಯಾನ್ಸರ್ ಮದ್ದು ಮೊದಮೊದಲು ನಾಟಿತು. ಆಮೇಲೆ ಗಡ್ಡೆ ಅದನ್ನು ಹೊರಗೆ ಉಗಿಯುವುದನ್ನು ಕಲಿತುಕೊಂಡಿತು.

೨. ಪಚ್ಚಿಲೆ ಬೆಳೆಸಲು ಅರ್ಜಿದಾರನು ಕಡಲಿಗೆ ಇಳಿಬಿಟ್ಟ ಹಗ್ಗಗಳ ಮೇಲೆ ತಾನಾಗಿ ಬೆಳೆಯುವ ಸ್ಪಂಜೆಂಬ ಒಂದು ಕಡಲಜೀವಿಯಿದೆ. ನೋಡಲು ಚೆನ್ನಾಗಿಲ್ಲ, ಒಪ್ಪಿದೆ. ವಿಶ್ವವಿದ್ಯಾಲಯದ ಡಾ. ಫಿಲಿಪ್ಪಾ ಗ್ರೀವ್ ಅವರು ನಮ್ಮ ಅಡುಗೆಮನೆಯಲ್ಲಿ ಕೂತು ವಿವರಿಸಿದ ಪ್ರಕಾರ, ಕೋಶವೊಂದು ಎರಡಾಗಬೇಕಾದರೆ ಅದರೊಳಗಿನ ಅತಿಸಣ್ಣ ಕೊಳವೆಗಳು ಕಟ್ಟಿಕೊಳ್ಳುತ್ತಲೂ ಬಿಚ್ಚಿಕೊಳ್ಳುತ್ತಲೂ ಇರಬೇಕು. ಸ್ಪಂಜಿನಲ್ಲಿರುವ ಪದಾರ್ಥ ಅವನ್ನು ಬಿಗಿಹಿಡಿದು ಬಿಚ್ಚಲು ಬಿಡುವುದಿಲ್ಲ. ಕೋಶ ನಡುದಾರಿಯಲ್ಲೇ ಸಿಕ್ಕಿಕೊಂಡು ಸಾಯುತ್ತದೆ; ತಮ್ಮ ಕಚೇರಿಗೆ ಬಂದ ಕಡತದ ಗತಿಯೇ. ಯೂ ಮರದ ಮದ್ದು ಮಾಡುವುದೂ ಇದನ್ನೇ. ಆದರೆ ಸ್ಪಂಜಿನದು ಹಿಡಿಯುವ ಜಾಗ ಬೇರೆ. ಆ ಮದ್ದಿಗೆ ಬಗ್ಗದ ಕೋಶವೂ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಇದಕ್ಕೆ ಬಗ್ಗಿದೆ.

೩. ರಾಶಿ ಸ್ಪಂಜು ಅರೆದರೂ ಸಿಗುವುದು ಚಿಟಿಕೆಗಿಂತ ಕಡಿಮೆ. ಇಲಿಗಳ ಮೇಲಿನ ಪರೀಕ್ಷೆಗೇ ಸಾಲದು. ಆದಕಾರಣ ಎರಡು ಹಗ್ಗಗಳನ್ನು ಸ್ಪಂಜು ಬೆಳೆಸಲೆಂದೇ ಬಿಡಲಾಯಿತು. ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ.

"ಮೆರೆಯಾನಾ, ಇದು ನಿಮ್ಮ ಕಾಲಕ್ಕೆ ಬರಲ್ಲ ಕಣ್ರೀ."

"ಗೊತ್ತು ಬಿಡಿ. ಇನ್ನೂ ಇಲಿಗೇ ಸರದಿ ಬಂದಿಲ್ಲ, ನಾನು ಮಧ್ಯೆ ನುಗ್ಗೋಕಾಗತ್ತಾ?" ಎಂದವಳು ಗಂಡನ ಕಡೆ ತಿರುಗಿ, "ಬಾಯಿ ಬಿಟ್ಕೊಂಡು ಏನ್ ನೋಡ್ತೀಯೋ? ಹೋಗು, ಹಗ್ಗ ತಗೊಂಡ್ ಬಾ" ಎಂದಳು. ಮೈಯಲ್ಲಿ ಶಕ್ತಿ ಇದ್ದ ದಿನವೆಲ್ಲ ದೋಣಿ ಹತ್ತಿ ಬಂದು ಸ್ಪಂಜಿನ ತುಂಡುಗಳನ್ನು ತಾನೇ ಕಟ್ಟಿದಳು. ಎರಡು ವರ್ಷದಲ್ಲಿ ಹಗ್ಗ ಕಾಣದಷ್ಟು ಬೆಳೆಸಿದಳು.

೪. ಹೀಗಿರುವಾಗ, ಅರ್ಜಿದಾರನು ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದ ದಿನ ತಮ್ಮ ಸ್ವಚ್ಛತಾ ಪಡೆ ಆಗಮಿಸಿ, ಎರಡೂ ಹಗ್ಗಗಳನ್ನು ಕೆರೆದು ಫಳಫಳ ಹೊಳೆಯುವಂತೆ ಮಾಡಿ, ಕೆರೆದದ್ದನ್ನು ಕಸದ ಗುಂಡಿಗೆ ಸುರಿಯಿತು. 'ಔಷಧ ಸಂಶೋಧನೆ, ಮುಟ್ಟಬೇಡಿ' ಎಂಬ ಫಲಕವನ್ನೂ ಬಿಡದೆ ತೊಳೆದಿದ್ದಾರೆ. ಅಬ್ಬಾ, ಎಂಥ ಶ್ರದ್ಧೆ! ಅಕ್ಷರಗಳು ಈಗ ದೂರದಿಂದಲೂ ಸ್ಪಷ್ಟವಾಗಿ ಕಾಣುತ್ತವೆ.

೫. ಮರುವಾರ ಪ್ರಶಸ್ತಿ ಕೊಡಲು ಬಂದ ತಮ್ಮನ್ನು ಈ ಬಗ್ಗೆ ಪ್ರಶ್ನಿಸಲಾಗಿ, ತಾವು ಪಚ್ಚಿಲೆ ವಡೆ ಮೆಲ್ಲುತ್ತಾ, "ಲೈಸೆನ್ಸಲ್ಲಿ ಏನಿದೆ ಟೌಟಾಹಿಯವರೇ? ಪಚ್ಚಿಲೆ. ಇದು ಪಚ್ಚಿಲೇನಾ? ಅಲ್ಲ ತಾನೆ? ಅಲ್ಲದ್ದೆಲ್ಲ ಕಸ" ಎಂದು ಅಪ್ಪಣೆ ಕೊಡಿಸಿದಿರಿ.

"ಇನ್ನೊಂದ್ ವಡೆ ಹಾಕ್ಕೊಳ್ಳಿ ಸಾರ್. ಕೆರೆದೂ ಕೆರೆದೂ ಹಸಿವಾಗಿರತ್ತೆ" ಎಂದಳು ಮೆರೆಯಾನ.

ತಾವು ಹಾಕಿಕೊಂಡಿರಿ. ತಮ್ಮ ದೋಣಿ ಮರೆಯಾದ ಮೇಲೆ ಅವಳು ಅತ್ತಳು. ಕಾಯಿಲೆ ಗೊತ್ತಾದ ದಿನ ಅತ್ತಿರಲಿಲ್ಲ.

೬. ತೇಲುಬುರುಡೆಯೊಂದರ ಅಡಿಯಲ್ಲಿ ಮುಷ್ಟಿಯಷ್ಟು ಸ್ಪಂಜು ತಮ್ಮ ಪಡೆಯ ಕಣ್ಣು ತಪ್ಪಿಸಿಕೊಂಡಿದೆ. ಈ ಲೋಪಕ್ಕಾಗಿ ದಯಮಾಡಿ ಯಾರ ಮೇಲೂ ಶಿಸ್ತುಕ್ರಮ ಬೇಡ. ಮೆರೆಯಾನ ಅದನ್ನು ತುಂಡು ಮಾಡಿ ಮತ್ತೆ ಹಗ್ಗಕ್ಕೆ ಕಟ್ಟಿದ್ದಾಳೆ. ಮದ್ದಿನಿಂದ ಬೆರಳುಗಳು ಮರಗಟ್ಟಿರುವ ಕಾರಣ ಗಂಟುಗಳನ್ನು ಹಲ್ಲಿನಲ್ಲಿ ಎಳೆದು ಬಿಗಿದಳು. ಅರ್ಜಿದಾರನು ಕೈಹಾಕಲು ಹೋದಾಗ, "ಸುಮ್ನಿರು, ನಿನ್ ಗಂಟು ಬಿಚ್ಕೊಳತ್ತೆ" ಎಂದು ಗದರಿದಳು.

ಆದ್ದರಿಂದ, ಮಾನ್ಯರು ಮೇಲಿನ ಕಾರಣಗಳನ್ನು ಪರಿಗಣಿಸಿ, ಬೇಕಿದ್ದರೆ ಕಸವೆಂದೇ ದಾಖಲಿಸಿಕೊಂಡು, ಸದರಿ ಹಗ್ಗಗಳನ್ನು ಕೊಳಕಾಗಿಯೇ ಇಡಲು ಅನುಮತಿ ನೀಡಬೇಕಾಗಿ ಪ್ರಾರ್ಥನೆ. ಅವಧಿ ನಮೂದಿಸಬೇಕೆಂಬುದು ತಮ್ಮ ನಿಯಮ. ಸ್ಪಂಜು ಬೆಳೆಯಲು ಎರಡು ವರ್ಷ ಬೇಕು. ಅರ್ಜಿದಾರನ ಹೆಂಡತಿಗೆ ಅಷ್ಟು ಸಿಗುವುದಿಲ್ಲವೆಂದು ಆಸ್ಪತ್ರೆಯವರು ಹೇಳಿದ್ದಾರೆ. ಆದರೂ ಎರಡು ವರ್ಷವೆಂದೇ ಬರೆ ಎಂದವಳು ಅವಳೇ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ಹೊಹೆಪಾ ಟೌಟಾಹಿ

ಲಗತ್ತುಗಳು:
ಪ್ರಶಸ್ತಿಪತ್ರ, ಚೌಕಟ್ಟು ಸಮೇತ (ಧೂಳು ಒರೆಸಿದೆ).
ಫಲಕದ ಫೋಟೊ, ತೊಳೆದ ನಂತರದ್ದು.

ವಿ.ಸೂ.: ಅನುಮತಿಪತ್ರವನ್ನು ಮೆರೆಯಾನಳ ಹೆಸರಿಗೇ ಕಳಿಸತಕ್ಕದ್ದು. ತಮ್ಮ ಕಚೇರಿಯ ವಾಡಿಕೆಯಷ್ಟು ಕಾಯಲು ಅವಳಿಗೆ ಬಿಡುವಿಲ್ಲ.