ಬಜೆಟ್ಟಿಗೆ ಅತ್ತವನು

ದಯಾನಂದ ಅವತ್ತು ಮೂಡಿಗೆರೆ ಪೇಟೆಗೆ ಹೋದದ್ದು ಮೈಸೂರು ಪಾಕು ತರುವುದಕ್ಕೆ. ಬಜೆಟ್ಟಿಗೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ. ಸಂಜೆ ವಸ್ತಾರೆಯಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ಐದು ಎಕರೆ ಕಾಫಿ ತೋಟದ, ನಲವತ್ತರ ಹೊಸ್ತಿಲಲ್ಲಿರುವ ಗಂಡಿಗೆ ಈ ಕಾಲದಲ್ಲಿ ಹೆಣ್ಣು ಸಿಗುವುದು ಎಷ್ಟು ಕಷ್ಟ ಎಂದು ಆ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಅವನ ಅಕ್ಕ ಪ್ರೇಮಲತಾ ಕಂಡವರ ಮದುವೆ ಮನೆಗಳಿಗೆಲ್ಲ ಹೋಗಿ, ಊಟದ ಪಂಕ್ತಿ ಬಿಟ್ಟು ಹೆಣ್ಣು ಹೆತ್ತವರ ಹಿಂದೆ ಸುತ್ತಿ, ಕೊನೆಗೂ ಇದೊಂದು ಸಂಬಂಧವನ್ನು ಕುದುರಿಸಿಕೊಂಡು ಬಂದಿದ್ದಳು.

"ಸೀದಾ ಹೋಗು, ಸೀದಾ ಬಾ. ದಾರೀಲಿ ಎಲ್ಲೂ ಕೂತು ಕನಸು ಕಾಣಬೇಡ ಕಣೋ," ಎಂದು ಅವಳು ಬಾಗಿಲವರೆಗೂ ಬಂದು ಹೇಳಿದ್ದಳು.

ಹೇಳಲು ಕಾರಣವಿತ್ತು. ಹೂಮಳೆ ಬಿದ್ದು ವಾರ ಕಳೆದಿತ್ತು. ಅವತ್ತು ಬೆಳಗಾಗುವುದರೊಳಗೆ ಇಡೀ ಸೀಮೆಯ ಕಾಫಿ ಗಿಡ ಒಟ್ಟಿಗೇ ಅರಳಿ, ಯಾರೋ ಗುಡ್ಡದ ಮೇಲೆಲ್ಲ ಮಂಡಕ್ಕಿ ಸುರಿದು ಹೋದಂತೆ ಕಾಣುತ್ತಿತ್ತು. ಆ ಪರಿಮಳ ಪೇಟೆಯ ಡೀಸೆಲ್ ಹೊಗೆಯನ್ನೂ ದಾಟಿಕೊಂಡು ಬಸ್ ಸ್ಟ್ಯಾಂಡಿನ ತನಕ ಬರುತ್ತಿತ್ತು. ಕಾಫಿ ಹೂ ಬಿಟ್ಟ ದಿನ ದಯಾನಂದ ಯಾರ ಕೈಗೂ ಸಿಗುವ ಮನುಷ್ಯನಲ್ಲ. ಕಣ್ಣು ತೆರೆದಿರುತ್ತದೆ, ಮನುಷ್ಯ ಇರುವುದಿಲ್ಲ.

ಬೇಕರಿಯವನು ಮೈಸೂರು ಪಾಕು ಕಟ್ಟುವಷ್ಟರಲ್ಲಿ ಅವನು ಹೊರಗಿನ ಬೆಂಚಿನ ಮೇಲೆ ಕೂತು ಹೊರಟೇ ಹೋಗಿದ್ದ. ಫೋಟೋದಲ್ಲಿ ಮಾತ್ರ ನೋಡಿದ್ದ ರಕ್ಷಾ ಎಂಬ ಹುಡುಗಿ ಬಿಳಿ ಹೂವಿನ ನಡುವೆ ನಡೆದು ಬರುತ್ತಿದ್ದಳು. ಹತ್ತಿರ ಬಂದು, "ಊಟ ಆಯ್ತಾ?" ಎಂದು ಕೇಳಿದಳು. ಅಕ್ಕನನ್ನು ಬಿಟ್ಟರೆ ಅವನನ್ನು ಹಾಗೆ ಕೇಳಿದವರೇ ಇರಲಿಲ್ಲ. ಸುಖಕ್ಕೆ ಅವನ ಕಣ್ಣಲ್ಲಿ ನೀರು ತುಂಬಿತು.

ಒಳಗೆ ಟೀವಿಯಲ್ಲಿ ಬಜೆಟ್ ಭಾಷಣ ನಡೆಯುತ್ತಿತ್ತು. ಎಲ್ಲ ಕಡೆ ಆರ್ಥಿಕ ಹಿಂಜರಿತದ ಕಾಲ. ಹೋಮ್‌ಸ್ಟೇಗಳು ಖಾಲಿ, ಅಂಗಡಿಗಳಲ್ಲಿ ನೊಣಗಳದ್ದೇ ವ್ಯಾಪಾರ, ಕಾಫಿ ರೇಟು ಜಾರುಬಂಡೆಯ ಮೇಲೆ. ಇಡೀ ಭಾಷಣದಲ್ಲಿ ಕಾಫಿ ಎನ್ನುವ ಮಾತೇ ಬರಲಿಲ್ಲವೆಂದು ಬೇಕರಿ ತುಂಬ ಗೊಣಗಾಟ ಎದ್ದಿತ್ತು. ಅಷ್ಟರಲ್ಲಿ ಟೀವಿ ಚಾನೆಲ್ಲಿನ ಹುಡುಗಿಯೊಬ್ಬಳು ಮೈಕು ಹಿಡಿದು ಬಂದಳು. ಸಣ್ಣ ಬೆಳೆಗಾರರ ಸಂಘದ ಅಧ್ಯಕ್ಷ ಚೌಡಯ್ಯ ಅವಳನ್ನು ಕೈಹಿಡಿದು ಎಳೆಯುವುದೊಂದೇ ಬಾಕಿ ಎನ್ನುವಂತೆ ಬೆಂಚಿನ ಹತ್ತಿರ ಕರೆತಂದರು.

"ಇವ್ರನ್ನ ಕೇಳಿ ಮೇಡಂ. ನೋಡಿ, ಬಜೆಟ್ ಕೇಳಿ ಆಗ್ಲೇ ಕಣ್ಣೀರು ಹಾಕ್ತಿದಾರೆ."

ಮೈಕು ಮೂಗಿಗೆ ತಾಗಿದಾಗ ದಯಾನಂದನಿಗೆ ಎಚ್ಚರವಾಯಿತು. ನಮ್ಮ ಕಡೆ ಬೆಳೆಗಾರನಾಗಿ ಹುಟ್ಟಿದವನಿಗೆ ಮೈಕು, ಫೈಲು, ಆಫೀಸರು ಈ ಮೂರರಲ್ಲಿ ಯಾವುದು ಕಂಡರೂ ಬಾಯಿಂದ ನಷ್ಟದ ಮಾತು ತಾನಾಗಿಯೇ ಬರುತ್ತದೆ. ಅವನಿಗೂ ಬಂತು.

"ಎಂತ ಹೇಳೂದು ಮೇಡಂ? ನಾವು ಮುಗಿದ್ವಿ. ಮಳೆ ಬೇಕಾದಾಗ ಇಲ್ಲ, ಬೇಡದಾಗ ನಿಲ್ಲಲ್ಲ. ಹಣ್ಣು ಬೋರರ್ ಹುಳದ ಪಾಲು, ಬಾಳೆ ಆನೆ ಪಾಲು. ಕೊಯ್ಯೋಕೆ ಜನ ಇಲ್ಲ, ಕೊಯ್ದ್ರೆ ರೇಟಿಲ್ಲ. ಇನ್ನು ಈ ಬಜೆಟ್ಟಿಗೂ ನಾವು ಬೇಡ ಅಂದ್ರೆ, ತೋಟಕ್ಕೆ ಬಾಗಿಲು ಹಾಕಿ ಬೀದೀಲಿ ನಿಲ್ಲೂದೊಂದೇ!"

ಕನಸಿನ ನೀರು ಆಗ ಸರಿಯಾಗಿ ಕೆನ್ನೆಗೆ ಇಳಿಯಿತು. ಸುತ್ತ ನಿಂತವರಲ್ಲಿ ಇಬ್ಬರು ಮೂಗೊರೆಸಿಕೊಂಡರು.

"ಏನು ಅತ್ತೆ ಮಾರಾಯ!" ಚೌಡಯ್ಯ ಅವನ ಬೆನ್ನು ತಟ್ಟಿದರು. "ನಮ್ಮ ಸಂಘ ಶುರುವಾದಾಗಿಂದ ಇಂಥ ಅಳು ನಾನು ಕಂಡಿಲ್ಲ."

ದಯಾನಂದನಿಗೆ ಹೆಮ್ಮೆಯೇ ಆಯಿತು. ಆ ಹೆಮ್ಮೆ ಜೀಪ್ ಸ್ಟ್ಯಾಂಡಿನವರೆಗೆ ಮಾತ್ರ ಬಾಳಿತು. ಅಲ್ಲಿ ಜೀಪಿನವನು ಬಾಡಿಗೆ ಬೇಡವೇ ಬೇಡ ಎಂದ. "ನಿಮ್ ಹತ್ರ ತಗೊಳ್ಳೋದಾ? ಈಗ ಮೊಬೈಲಲ್ಲಿ ನೋಡ್ದೆ. ನಾನೂ ಮನುಷ್ಯನೇ ಅಲ್ವಾ?" ಪಕ್ಕದಲ್ಲಿ ಕೂತಿದ್ದ ಅಜ್ಜಿ ತನ್ನ ಚೀಲದಿಂದ ಒಂದು ಸೌತೆಕಾಯಿ ತೆಗೆದು ಅವನ ತೊಡೆಯ ಮೇಲಿಟ್ಟಳು. ಅಷ್ಟರಲ್ಲಿ ಅಕ್ಕನ ಫೋನು ಬಂತು.

"ಬೀದೀಲಿ ನಿಲ್ತೀಯಾ? ಬೀದೀಲಿ?" ಪ್ರೇಮಲತಾಳ ದನಿಗೆ ಫೋನೇ ನಡುಗುತ್ತಿತ್ತು. "ಪಕ್ಕದ್ಮನೆ ವಿಶಾಲಾಕ್ಷಮ್ಮ ಸಮಾಧಾನ ಮಾಡೋಕೆ ಅಂತ ಒಂದು ಪಾತ್ರೆ ಹುಳಿ ತಂದಿಟ್ಟು ಹೋದ್ರು. ಹೆಣ್ಣಿನೋರು ಟೀವಿ ನೋಡಲ್ವಾ? ಬೀದೀಲಿ ನಿಲ್ಲೋನಿಗೆ ಯಾರೋ ಮಗಳನ್ನ ಕೊಡ್ತಾರೆ? ಹೋಗಿ ಅದನ್ನ ತೆಗೆಸಿ ಬಾ. ಇಲ್ದಿದ್ರೆ ಮನೆಗೇ ಬರಬೇಡ!"

ಕನಸಿನ ಹುಡುಗಿ ಬೆನ್ನು ತಿರುಗಿಸಿ ಹೋಗುತ್ತಿರುವುದು ಅವನ ಕಣ್ಣಿಗೆ ಕಟ್ಟಿತು. ಜೀಪಿನಿಂದ ಹಾರಿ, ಸೌತೆಕಾಯಿ ಹಿಡಿದುಕೊಂಡೇ ಪೇಟೆಯೆಲ್ಲ ಓಡಿದ. ಚಾನೆಲ್ಲಿನ ಹುಡುಗಿ ಒಂದು ಬೇಲಿಯ ಪಕ್ಕ ಹೂವಿನ ಫೋಟೋ ತೆಗೆಯುತ್ತಿದ್ದಳು.

"ತೆಗೆಯೋಕೆ ಆಗಲ್ಲ ಸರ್, ಅದು ಬೆಂಗಳೂರಿಗೆ ಹೋಗಾಯ್ತು," ಎಂದಳು ಅವಳು. ಆಮೇಲೆ ಯೋಚಿಸಿ ಹೇಳಿದಳು. "ಆದ್ರೆ ಒಂದ್ ಕೆಲಸ ಮಾಡಬಹುದು. ಬೆಳಿಗ್ಗೆಯಿಂದ ಬರೀ ಅಳೋರೇ ಸಿಕ್ಕಿದ್ದಾರೆ. ಸಂಜೆ ಚರ್ಚೆಗೆ ಬಜೆಟ್ ಸ್ವಾಗತಿಸೋರು ಒಬ್ರು ಬೇಕು ಅಂತ ಆಫೀಸಿಂದ ಒಂದೇ ಸಮ ಫೋನು. ಶರ್ಟ್ ಬದಲಾಯಿಸಿ ಬರ್ತೀರಾ?"

ಸಂಜೆಗೆಂದು ಪೇಟೆಯಲ್ಲೇ ಇಸ್ತ್ರಿಗೆ ಕೊಟ್ಟಿದ್ದ ತಿಳಿನೀಲಿ ಶರ್ಟು ತೊಟ್ಟು ಅವನು ಹೂವಿನ ಮುಂದೆ ನಿಂತ. ನಗು ಅವನ ಮುಖಕ್ಕೆ ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಿತ್ತು. ಆದರೂ ರಕ್ಷಾಳನ್ನು ನೆನೆಸಿಕೊಂಡು ಶುರು ಮಾಡಿದ. ಶುರು ಮಾಡಿದ ಮೇಲೆ ನಿಲ್ಲಿಸುವುದು ಕಷ್ಟವಾಯಿತು. ಬಜೆಟ್ ಬಹಳ ಚೆನ್ನಾಗಿದೆ, ಹಿಂಜರಿತ ಎಂದರೆ ಏನೆಂದೇ ತನಗೆ ಗೊತ್ತಿಲ್ಲ, ಸಾಲ ಎನ್ನುವುದನ್ನು ಕಣ್ಣಲ್ಲಿ ಕಂಡಿಲ್ಲ, ರಾತ್ರಿ ಮಲಗಿದರೆ ಬೆಳಗಿನ ತನಕ ನಿದ್ದೆ ಎಂದೆಲ್ಲ ಹೇಳಿದ. ಅದರಲ್ಲಿ ಹೆಚ್ಚಿನದು ನಿಜವೇ ಆಗಿತ್ತು. ಅವನ ತೋಟ ಸಣ್ಣದಾದರೂ ಸಾಲವಿರಲಿಲ್ಲ, ನಿದ್ದೆಯಂತೂ ಯಾವತ್ತೂ ಕೈಕೊಟ್ಟಿರಲಿಲ್ಲ.

ಹೆಣ್ಣಿನವರು ಹೇಳಿದ್ದಕ್ಕಿಂತ ಬೇಗನೆ ಬಂದರು. ರಕ್ಷಾಳ ಅಪ್ಪ ಮಲ್ಲೇಶಗೌಡರು ಜೀಪಿನಿಂದ ಇಳಿದವರೇ ದಯಾನಂದನ ಹೆಗಲ ಮೇಲೆ ಕೈಹಾಕಿ ನಕ್ಕರು. ಅವರ ಹೆಂಡತಿ ಅಡುಗೆಮನೆಗೆ ಹೋಗಿ ಪ್ರೇಮಲತಾಳ ಜೊತೆ ಆಗಲೇ ಅತ್ತೆಮನೆಯ ಮಾತಿಗೆ ಕೂತರು. ಕಾಫಿ ಆದಮೇಲೆ ಗೌಡರೇ, "ಹುಡುಗ್ರು ಸ್ವಲ್ಪ ತೋಟದ ಕಡೆ ಹೋಗಿ ಬರಲಿ," ಎಂದು ಕಳಿಸಿದರು.

ತೋಟ ಇಳಿಬಿಸಿಲಲ್ಲಿ ಬೆಳ್ಳಗೆ ಮಂಪರು ಹಿಡಿದು ನಿಂತಿತ್ತು. ಹೂ ಉದುರೀತೆಂದು ಒಳಗೆ ಕಾಲಿಡದೆ ಇಬ್ಬರೂ ಅಂಚಿನಲ್ಲೇ ನಿಂತರು. ರಕ್ಷಾ ವಸ್ತಾರೆಯಲ್ಲಿ ಜೇನು ಸಾಕುತ್ತಿದ್ದಳಂತೆ. ಕಿವಿಯಾನಿಸಿ, "ಇದು ತುಡುವೆ ಜೇನು. ಎಷ್ಟು ಸಂತೋಷವಾಗಿದಾವೆ ನೋಡಿ," ಎಂದಳು. ದಯಾನಂದನಿಗೆ ಇದು ಬೆಂಚಿನ ಮೇಲಿನ ಕನಸೋ ನಿಜವೋ ಗೊತ್ತಾಗಲಿಲ್ಲ. ಜೀವನದಲ್ಲಿ ಇನ್ನೇನೂ ಬೇಡ, ಇವಳು ಹೀಗೆ ಪಕ್ಕದಲ್ಲಿ ನಿಂತು ಜೇನಿನ ಸುದ್ದಿ ಹೇಳುತ್ತಿದ್ದರೆ ಸಾಕು ಅನ್ನಿಸಿತು.

"ಬೆಳಿಗ್ಗೆ ಟೀವಿಲಿ ನಿಮ್ಮನ್ನ ನೋಡಿದ್ವಿ," ಎಂದಳು ರಕ್ಷಾ.

ದಯಾನಂದ ಅವಸರದಿಂದ ಬಾಯಿ ಹಾಕಿದ. "ಅದು ಹಾಗಲ್ಲ..."

"ಅಪ್ಪಂಗೆ ಖುಷಿಯೋ ಖುಷಿ. 'ಹುಡುಗ ಗಟ್ಟಿ ಕುಳ, ಬೇರೆಯೋರು ಎಗರಿಸಿಕೊಂಡು ಹೋಗೋ ಮುಂಚೆ ಇವತ್ತೇ ಮಾತು ಮುಗಿಸೋಣ' ಅಂದ್ರು."

"ನಾನು ಅತ್ತಿದ್ದಕ್ಕಾ?"

"ಮತ್ತೆ? ಅಪ್ಪನೂ ಹಂಗೇ ಅಲ್ವಾ! ಹೊಸ ಜೀಪು ತಗೊಂಡ ವರ್ಷ ಆಫೀಸರ್ ಮುಂದೆ ಅತ್ತಷ್ಟು ಅವರು ಯಾವತ್ತೂ ಅತ್ತಿಲ್ಲ," ರಕ್ಷಾ ನಕ್ಕಳು. "ನಮ್ಮ ದೊಡ್ಡಪ್ಪ ಮಾತ್ರ ಯಾರು ಕೇಳಿದ್ರೂ 'ಆರಾಮ, ಎಂತದೂ ತೊಂದ್ರೆ ಇಲ್ಲ' ಅಂತಿದ್ರು. ಒಂದು ದಿನ ನೋಡಿದ್ರೆ ತೋಟವೇ ಹರಾಜಿಗೆ ಬಂತು. ಅವತ್ತಿಂದ ಯಾರಾದ್ರೂ ಆರಾಮ ಅಂದ್ರೆ ಅಪ್ಪಂಗೆ ಭಯ."

ದಯಾನಂದನಿಗೆ ಜೇನಿನ ಸದ್ದು ಕಿವಿಯೊಳಗೇ ಶುರುವಾಯಿತು. "ಒಂದ್ನಿಮಿಷ," ಎಂದವನೇ ಮನೆಯ ಕಡೆ ದೌಡಾಯಿಸಿದ.

ಹಜಾರದಲ್ಲಿ ಪ್ರೇಮಲತಾ ಆಗಲೇ ಟೀವಿ ಹಾಕಿ, ದನಿ ಜೋರು ಮಾಡಿ, ರಿಮೋಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. "ಬೆಳಿಗ್ಗೆದು ಬಿಡಿ ಗೌಡ್ರೇ, ಯಾರದೋ ಬಲವಂತಕ್ಕೆ ಹೇಳಿದ್ದು. ಈಗ ಬರ್ತದೆ ನೋಡಿ ನಮ್ಮ ದಯಾನ ನಿಜವಾದ ಮಾತು." ದಯಾನಂದ ಹೋಗಿ ಟೀವಿಗೆ ಅಡ್ಡ ನಿಂತ. "ಸ್ವಲ್ಪ ಪಕ್ಕಕ್ಕೆ ಸರೀರಿ," ಎಂದರು ಗೌಡರು. ಸರಿಯದೆ ವಿಧಿಯಿರಲಿಲ್ಲ. ತಿಳಿನೀಲಿ ಶರ್ಟಿನ ದಯಾನಂದ ಪರದೆಯ ಮೇಲೆ ನಗುತ್ತ, ಹಿಂಜರಿತ ಎಂದರೇನು ಎಂದು ಕೇಳುತ್ತಿದ್ದ. ಅದೇ ಶರ್ಟಿನ ಇನ್ನೊಬ್ಬ ದಯಾನಂದ ಪಕ್ಕದಲ್ಲಿ ಬೆವರುತ್ತಿದ್ದ.

ಮಾತು ಮುಗಿದಾಗ ಗೌಡರ ಮುಖ ಸಪ್ಪಗಾಗಿತ್ತು. ಬಹಳ ಮೆಲ್ಲಗೆ ಕೇಳಿದರು.

"ಸಾಲ ಎಷ್ಟಿದೆ?"

"ಒಂದು ಪೈಸೆನೂ ಇಲ್ಲ ಗೌಡ್ರೇ, ದೇವರಾಣೆ."

"ಅಷ್ಟೊಂದಾ?" ಎಂದರು ಗೌಡರು, ಕುರ್ಚಿ ಬಿಟ್ಟು ಏಳುತ್ತ.

"ಇಲ್ಲ ಇಲ್ಲ, ಕಷ್ಟ ಇದೆ ಗೌಡ್ರೇ! ಬೋರರ್ ಇದೆ, ಆನೆ ಇದೆ, ರೇಟಿಲ್ಲ..." ದಯಾನಂದ ಬೆಳಗಿನ ಧಾಟಿ ಹಿಡಿಯಲು ನೋಡಿದ. ಆದರೆ ಈ ಸಲ ಆನೆ ಎಂದರೂ ಅಳು ಬರಲಿಲ್ಲ, ಬೋರರ್ ಎಂದರೂ ಬರಲಿಲ್ಲ. ಗೌಡರು ಕೈಯೆತ್ತಿ ತಡೆದರು. "ಬಿಡಿ, ಯಾರಿಗೆ ಬರಲ್ಲ ಕಷ್ಟ?" ಅವರ ಹೆಂಡತಿ ಚಪ್ಪಲಿ ಮೆಟ್ಟಿದರು. ರಕ್ಷಾ ತೋಟದ ಕಡೆಯಿಂದ ಬಂದು, ಏನಾಯಿತೆಂದು ತಿಳಿಯದೆ, ತಾಯಿ ಕೈಹಿಡಿದು ಎಳೆದಾಗ ಒಮ್ಮೆ ಹಿಂತಿರುಗಿ ನೋಡಿ ಜೀಪು ಹತ್ತಿದಳು.

ಆ ನೋಟಕ್ಕೆ ದಯಾನಂದನೊಳಗೆ ಏನೋ ಕುಸಿಯಿತು. ಅಂಗಳದ ನಡುವೆ ನಿಂತು, ಮೈಕಿಲ್ಲದೆ, ಯಾರೂ ಕೇಳದೆ, ಅವನು ಬಿಕ್ಕಿ ಬಿಕ್ಕಿ ಅಳತೊಡಗಿದ.

ಪ್ರೇಮಲತಾ ಜೀಪಿನ ಹಿಂದೆ ಓಡಿದಳು. "ಗೌಡ್ರೇ, ನಿಲ್ಲಿ! ಅಳ್ತಿದಾನೆ ನೋಡಿ! ಬೆಳಿಗ್ಗೆಗಿಂತ ಜೋರಾಗಿ ಅಳ್ತಿದಾನೆ!"

ಜೀಪು ನಿಂತಿತು. ಗೌಡರು ಇಳಿದು ಬಂದರು. ಪಾರ್ಚ್‌ಮೆಂಟ್ ಕಾಫಿ ಒಣಗಿದೆಯೋ ಇಲ್ಲವೋ ಎಂದು ಒಂದು ಕಾಳು ಹಲ್ಲಿಗೆ ಹಾಕಿ ನೋಡುವ ಬೆಳೆಗಾರನ ಗಂಭೀರತೆಯಿಂದ ದಯಾನಂದನ ಮುಖವನ್ನು ಹತ್ತಿರದಿಂದ ಪರೀಕ್ಷಿಸಿದರು. ಗೌಡರ ಕಣ್ಣಲ್ಲಿ ಕರುಣೆ ತುಂಬಿತು.

"ಬೆಳಿಗ್ಗೆದು ಒಳ್ಳೇ ಅಳು ಕಣಮ್ಮ, ಅದನ್ನ ನಂಬಿ ಬಂದ್ವಿ," ಎಂದರು ಅವರು ಅವಳ ಕಡೆ ತಿರುಗಿ. "ಇದು ನಿಜವಾದ್ದು. ಪಾಪ, ಹುಡುಗ ಪೂರ್ತಿ ಮುಳುಗಿದಾನೆ."