ಪ್ರತಿ ವಸ್ತುವಿಗೂ ಒಂದು ಜಾಗ

ಕನ್ನಡಕ ಹುಡುಕುವುದರಲ್ಲೇ ಒಂದು ತಿಂಗಳಲ್ಲಿ ಏಳು ದಿನ ಕಚೇರಿಗೆ ತಡವಾಗಿ ಹೋದ ನೀರು ಸರಬರಾಜು ಗುಮಾಸ್ತನಿಗೆ ಬೀದಿಯವರು ಹುಡುಕಪ್ಪ ಎಂದೇ ಹೆಸರಿಟ್ಟಿದ್ದರು. ಎಂಟನೆಯ ಸಲ ತಡವಾದರೆ ಮೆಮೊ ಖಂಡಿತ ಎಂದು ಕಚೇರಿಯ ಮೇಡಂ ಗುಡುಗಿದ ಮೇಲೆ, ಅವನು ಹೆಂಡತಿಯ ಜೊತೆ ಭಾನುವಾರವಿಡೀ ಕೂತು ಮನೆಯನ್ನು ಓರಣ ಮಾಡಿದ. ಕೆಳಮನೆಯ ನಿವೃತ್ತ ಮೇಷ್ಟ್ರು ಕರೆಯದೆಯೇ ಬಂದು, "ಪ್ರತಿ ವಸ್ತುವಿಗೂ ಒಂದು ಜಾಗ ಇರ್ಬೇಕು ಕಣಪ್ಪಾ, ಜಾಗಕ್ಕೊಂದು ಚೀಟಿ ಇರ್ಬೇಕು" ಎನ್ನುತ್ತ ಡಬ್ಬಿ ಡಬ್ಬಿಗೂ ಚೀಟಿ ಅಂಟಿಸಿದರು. ಸುಮ್ಮನೆ ನಿಂತಿದ್ದರೆ ಹುಡುಕಪ್ಪನ ಹಣೆಗೂ ಒಂದು ಬೀಳುತ್ತಿತ್ತು.

ಸೋಮವಾರ ಹೆಂಡತಿ ಆಸ್ಪತ್ರೆಯ ಬೆಳಗಿನ ಪಾಳಿಗೆ ಹೊರಟಳು. ಹುಡುಕಪ್ಪ ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ, ಕೀಲಿಯನ್ನು 'ಕೀಲಿ' ಎಂಬ ಡಬ್ಬಿಗೆ ಹಾಕಿದ. 'ಕನ್ನಡಕ' ಡಬ್ಬಿಯಲ್ಲಿ ಕನ್ನಡಕವೇ ಇತ್ತು! ಎಂಟೂವರೆಗೆಲ್ಲ ಮದುಮಗನಂತೆ ಸಿದ್ಧನಾದ. ಇನ್ನೂ ಹೊತ್ತಿದೆಯಲ್ಲ ಎಂದು ಡಬ್ಬಿಗಳನ್ನೆಲ್ಲ ಕಬ್ಬಿಣದ ಬೀರುವಿನಲ್ಲಿ ಸಾಲಾಗಿ ಜೋಡಿಸಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಕಣ್ತುಂಬಿಕೊಂಡು, ಬೀರುವಿನ ಬಾಗಿಲು ತಳ್ಳಿದ.

ಟಕ್.

ತಳ್ಳಿದರೆ ತಾನಾಗಿ ಬೀಗ ಬೀಳುವ ಬೀರು ಅದು. ಅದರ ಕೀಲಿ 'ಕೀಲಿ' ಡಬ್ಬಿಯಲ್ಲಿತ್ತು. ಮನೆಯ ಕೀಲಿಯೂ ಅಲ್ಲೇ.

ಅವನು ಅಡುಗೆಮನೆಯ ಕಿಟಕಿಗೆ ಓಡಿ, "ಮೇಷ್ಟ್ರೇ!" ಎಂದು ಕೂಗಿದ.

"ಏನ್ ಕಳ್ಕೊಂಡ್ಯಪ್ಪಾ?"

"ಏನೂ ಕಳ್ಕೊಂಡಿಲ್ಲ ಮೇಷ್ಟ್ರೇ. ಎಲ್ಲಾ ಎಲ್ಲಿದೆ ಅಂತ ಚೆನ್ನಾಗಿ ಗೊತ್ತು. ಅದಕ್ಕೇ ಹೊರಗೆ ಬರಕ್ಕಾಗ್ತಿಲ್ಲ!"

ಎದುರುಮನೆಯ ದರ್ಜಿ ಏಣಿ ತಂದ. ಮಹಡಿಯ ಆ ಕಿಟಕಿಗೆ ಸರಳು ಇರಲಿಲ್ಲ, ಪುಣ್ಯ. "ಎಡಗಾಲು ಮೊದಲು" ಎಂದ ದರ್ಜಿ. "ಬಲಗಾಲು!" ಎಂದರು ಮೇಷ್ಟ್ರು. ಇಬ್ಬರ ಮಾತನ್ನೂ ಮೀರಬಾರದೆಂದು ಹುಡುಕಪ್ಪ ಎರಡೂ ಕಾಲು ಒಟ್ಟಿಗೆ ಹಾಕಿದ. ಪ್ಯಾಂಟು ಪರ್‌ರ್‌ರ್ ಎಂದಿತು.

"ಇದು ನಾನ್ ಹೊಲಿದಿದ್ದಲ್ಲ" ಎಂದು ಮೊದಲು ಊರಿಗೆಲ್ಲ ಕೇಳುವಂತೆ ಸಾರಿದ ದರ್ಜಿ, ಆಮೇಲೆ ಅವನಿಗೊಂದು ಟವೆಲ್ ಸುತ್ತಿಸಿ, ಪ್ಯಾಂಟು ಹೊಲಿದುಕೊಟ್ಟ. ಅಷ್ಟರಲ್ಲಿ ಹನ್ನೊಂದಾಗಿತ್ತು.

"ನೀನ್ ಹೇಳಿದ್ರೆ ಯಾರ್ ನಂಬ್ತಾರೆ? ಸಾಕ್ಷಿಗೆ ನಾನ್ ಬರ್ತೀನಿ" ಎಂದು ಮೇಷ್ಟ್ರು ಛತ್ರಿ ಹಿಡಿದು ಹೊರಟೇಬಿಟ್ಟರು.

ಮೇಡಂ ಮೆಮೊಗೆ ಸಹಿ ಹಾಕುತ್ತಿದ್ದರು. ಮೇಷ್ಟ್ರು ಪಾಠ ಶುರುಮಾಡಿದರು: "ಇವ್ನ ಮನೆ ನೋಡ್ಬೇಕಮ್ಮಾ ನೀವು! ಗುಂಡುಪಿನ್ನಿಗೂ ಡಬ್ಬಿ, ಡಬ್ಬಿಗೂ ಚೀಟಿ. ಇಂಥ ಶಿಸ್ತಿನ ಮನುಷ್ಯ ಲಕ್ಷಕ್ಕೊಬ್ಬ!"

ಮೇಡಂ ಪೆನ್ನು ಕೆಳಗಿಟ್ಟರು. ಮೆಮೊ ಹರಿದು ಬುಟ್ಟಿಗೆ ಬಿತ್ತು. ಹುಡುಕಪ್ಪನಿಗೆ ಹೋದ ಜೀವ ಬಂದಂತಾಯಿತು.

"ಬನ್ನಿ ನನ್ ಜೊತೆ" ಎಂದು ಮೇಡಂ ಹಿಂಬದಿಯ ಕೋಣೆಯ ಬಾಗಿಲು ತೆಗೆಸಿದರು. ಒಳಗಿನಿಂದ ಧೂಳು ಮೊದಲು ಬಂತು, ಜಿರಳೆಗಳು ಆಮೇಲೆ. ನೆಲದಿಂದ ಸೂರಿನವರೆಗೆ ಫೈಲುಗಳ ಬೆಟ್ಟ.

"ಹದಿನೆಂಟು ವರ್ಷದ್ದು. ಇಂಥವರಿಗೋಸ್ಕರಾನೇ ಕಾಯ್ತಿದ್ದೆ ನೋಡಿ. ಇವತ್ತಿಂದ ನಿಮ್ಮ ಕುರ್ಚಿ ಇಲ್ಲೇ. ಎಲ್ಲಾ ಮುಗಿಯೋವರೆಗೂ ಬೆಳಿಗ್ಗೆ ಎಂಟಕ್ಕೇ ಬನ್ನಿ."

ಹುಡುಕಪ್ಪ ಬಾಯಿ ತೆರೆದ. ಧೂಳು ಹೊಕ್ಕಿತು, ಸೀನು ಹೊರಟಿತು.

ಮೇಷ್ಟ್ರು ಆಗಲೇ ತೋಳು ಮಡಿಸುತ್ತಿದ್ದರು. "ಹೆದರ್ಬೇಡ ಕಣೋ, ನಾನೂ ದಿನಾ ಬರ್ತೀನಿ. ಅಮ್ಮಾ, ಇಲ್ಲಿ ಗೋಂದು ಸಿಗುತ್ತಾ?"